ನಾಗವಲ್ಲಿ ಯಾರ ಮನಿ ಮಗಳು?

ಟಿವಿ ನೋಡುವ ಯಾವ ಮನೆಯಲ್ಲಾದರೂ "ಒಬ್ಬ ಖಳನಾಯಕಿ ಹೆಸರು ಹೇಳ್ರಿ" ಅಂತ ಕೇಳಿ ನೋಡಿ. ಅಜ್ಜಿಯಿಂದ ಮೊಮ್ಮಗಳ ತನಕ ಬಾಯಿಗೆ ಮೊದಲು ಬರೋದು ಒಂದೇ ಹೆಸರು: ನಾಗವಲ್ಲಿ. 'ಆಪ್ತಮಿತ್ರ' ಬಂದದ್ದು 2004ರ ಆಗಸ್ಟ್‌ನಲ್ಲಿ, ಥೇಟರಿಗೆ. ಆದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ಹಳ್ಳಿಗಳಿಗೆ ಆಕಿ ಬಂದದ್ದು ಟಿವಿಯೊಳಗಿಂದ. ರವಿವಾರ ಮಧ್ಯಾಹ್ನ ಊಟ ಮುಗಿಸಿ, ಬಾಗಿಲು ಮುಂದ ಮಾಡಿ, ಹುಡುಗರನ್ನ ಮಡಿಲಾಗ ಕೂಡಿಸಿಕೊಂಡು ನೋಡಿದ ಸಿನಿಮಾ ಅದು. ಒಮ್ಮೆ ಅಲ್ಲ, ಎಷ್ಟು ಸಲ ಅಂತ ಲೆಕ್ಕ ಇಟ್ಟವರಿಲ್ಲ. ಈಗಲೂ ಹಟ ಮಾಡೋ ಕೂಸಿಗೆ "ನಾಗವಲ್ಲಿ ಬಂದ್ಲು ನೋಡು" ಅಂದರೆ ಸಾಕು.

ಆಮೇಲೆ ಧಾರಾವಾಹಿಗಳ ಸಾಲು ಬಂತು. ಹಿಂದಿಯಲ್ಲಿ 2015ರ ಕೊನೆಗೆ 'ನಾಗಿನ್' ಶುರುವಾಯಿತು. ಅದರಲ್ಲಿ ಯಾಮಿನಿ ಪಾತ್ರಕ್ಕೆ ಸುಧಾ ಚಂದ್ರನ್. 2016ರಲ್ಲಿ ಜೀ ಕನ್ನಡದ 'ನಾಗಿಣಿ'. 2017ರಲ್ಲಿ ಅದೇ ಚಾನೆಲ್‌ನಲ್ಲಿ 'ಯಾರೇ ನೀ ಮೋಹಿನಿ'. ಅದರ ಮಾಯಾ ಪಾತ್ರದಲ್ಲಿ ಐಶ್ವರ್ಯಾ ಬಸ್ಪುರೆ ಎಷ್ಟು ಚಂದ ಸಿಟ್ಟು ಮಾಡ್ತಿದ್ದಳು ಅಂದರೆ, ನಾಯಕಿ ಅತ್ತಾಗ ಚಾನೆಲ್ ಬದಲಿಸೋ ಮಂದಿ ಮಾಯಾ ಬಂದಾಗ ರಿಮೋಟ್ ಕೆಳಗಿಡುತ್ತಿದ್ದರು. ದೊಡ್ಡ ಮನೆ, ಬೀಗ ಹಾಕಿದ ಕೋಣೆ, ನಡುರಾತ್ರಿ ಗೆಜ್ಜೆ ಸಪ್ಪಳ, ಹಳೇ ಸೇಡು. ಪರದೆ ಮೇಲಿನ ಈ ಎಲ್ಲ ಮೋಹಿನಿಯರೂ ಮಾಯಾವಿಗಳೂ ಒಂದು ರೀತಿಯಲ್ಲಿ ನಾಗವಲ್ಲಿಯ ತಂಗಿಯರೇ.

ಇವತ್ತು ನಾನು ಬರೀತಿರೋದು ಈ ಅಕ್ಕನ ಬಗ್ಗೆ. ಬೈಯೋದಕ್ಕಲ್ಲ, ಮೆಚ್ಚೋದಕ್ಕೆ. ಯಾಕಂದರೆ ನಾಗವಲ್ಲಿ ಬರೀ ದೆವ್ವ ಅಲ್ಲ. ಆಕೆಯ ಹಿಂದೆ ಸಾವಿರದ ಮುನ್ನೂರು ವರ್ಷದ ಇತಿಹಾಸ ಇದೆ, ಮತ್ತು ಆ ಇತಿಹಾಸದ ಒಂದು ತುದಿ ನಮ್ಮ ಕೇರಿಯಲ್ಲಿ ಬಂದು ನಿಲ್ಲುತ್ತದೆ.

ಮೊದಲು ಕಥೆಯನ್ನೇ ಸ್ವಲ್ಪ ಕಚೇರಿ ಕಡತದ ಹಾಗೆ ಓದೋಣ. ಆಂಧ್ರದ ಕಡೆಯಿಂದ ಒಬ್ಬ ನರ್ತಕಿ ಬರುತ್ತಾಳೆ. ರಾಜ ವಿಜಯ ರಾಜೇಂದ್ರ ಬಹಾದ್ದೂರನಿಗೆ ಆಕೆ ಬೇಕು. ಆಕೆಗೆ ರಾಜ ಬೇಡ, ರಾಮನಾಥ ಬೇಕು. ರಾಜ ರಾಮನಾಥನನ್ನು ಕೊಲ್ಲುತ್ತಾನೆ, ಆಕೆಯ ಜೀವವನ್ನೂ ತೆಗೆಯುತ್ತಾನೆ. ಕಾಲ ಕಳೆದ ಮೇಲೆ ಆ ಅರಮನೆಗೆ ಬಂದ ಗಂಗಾ ಬೀಗ ಹಾಕಿದ ಕೋಣೆ ತೆಗೆಯುತ್ತಾಳೆ, ನಾಗವಲ್ಲಿಯ ಸೀರೆ, ಒಡವೆ, ಗೆಜ್ಜೆ ನೋಡುತ್ತಾಳೆ, ಆಕೆಯ ಕಥೆ ಕೇಳುತ್ತಾಳೆ, ಕೊನೆಗೆ ತಾನೇ ಅವಳಾಗುತ್ತಾಳೆ.

ಈಗ ಹೇಳಿ, ಎಫ್‌ಐಆರ್ ಬರೆಯೋದಾದರೆ ಆರೋಪಿ ನಂಬರ್ ಒಂದು ಯಾರು? ಎರಡು ಕೊಲೆ ಮಾಡಿದವನು ಮಹಾರಾಜ. ಅವನಿಗೆ ಸಿಕ್ಕಿದ್ದು ಗೋಡೆ ಮೇಲೆ ಭಾವಚಿತ್ರ. ಕೊಲೆಯಾದವಳಿಗೆ ಸಿಕ್ಕಿದ್ದು ಬೀಗ, ಮಂತ್ರ, ನಿಂಬೆಹಣ್ಣು. ಅವನು 'ವಂಶದ ಹಿರಿಯ', ಆಕಿ 'ಪ್ರೇತಾತ್ಮ'. ಸಿನಿಮಾ ನೋಡುವ ನಾವೂ ಮೂರು ತಾಸು ಉಸಿರು ಬಿಗಿ ಹಿಡಿದು ಕಾಯೋದು ಒಂದಕ್ಕೇ: ಆ ದೆವ್ವ ಯಾವಾಗ ಬಿಟ್ಟು ಹೋದೀತು? "ಆ ರಾಜನ ಮೇಲೆ ಕೇಸ್ ಯಾವಾಗ ಆದೀತು?" ಅಂತ ಯಾರೂ ಕೇಳೋದಿಲ್ಲ. ಕ್ಲೈಮ್ಯಾಕ್ಸ್‌ನಲ್ಲಿ ಆಕೆಗೆ ರಾಜನ ಬದಲು ಒಂದು ಗೊಂಬೆ ಕೊಟ್ಟು ಸಮಾಧಾನ ಮಾಡುತ್ತಾರೆ. ನಮಗೆ ಈ ಪದ್ಧತಿ ಹೊಸದಲ್ಲ ಬಿಡ್ರಿ. ನ್ಯಾಯ ಕೇಳಿದವರ ಕೈಗೆ ಗೊಂಬೆ ಕೊಟ್ಟು ಕಳಿಸೋದನ್ನು ಬೇಕಾದಷ್ಟು ಕಡೆ ನೋಡಿದ್ದೇವೆ.

ಈ ಪಾತ್ರವನ್ನು ಮರೆಯಲಾರದ ಹಾಗೆ ಮಾಡಿದಾಕೆ ಸೌಂದರ್ಯ. ಕೋಲಾರ ಜಿಲ್ಲೆ ಮುಳಬಾಗಿಲು ಕಡೆಯ ಹೆಣ್ಣುಮಗಳು. ಇದೇ ಸೌಂದರ್ಯ ಗಿರೀಶ್ ಕಾಸರವಳ್ಳಿಯವರ 'ದ್ವೀಪ' ಸಿನಿಮಾಕ್ಕೆ ತಾನೇ ನಿರ್ಮಾಪಕಿ ಆಗಿ, ಅಣೆಕಟ್ಟಿನ ನೀರು ಊರಿಗೆ ನುಗ್ಗುವಾಗ ಮನೆ ಬಿಟ್ಟುಕೊಡದ ಹೆಂಗಸಿನ ಪಾತ್ರ ಮಾಡಿದಳು. ಆಲಮಟ್ಟಿ ಹಿನ್ನೀರಿನಲ್ಲಿ ಊರು ಕಳಕೊಂಡ ಬಾಗೇವಾಡಿ, ಮುದ್ದೇಬಿಹಾಳ ಕಡೆಯವರು ಆ ಸಿನಿಮಾ ಒಮ್ಮೆ ನೋಡಲೇಬೇಕು. 2004ರ ಏಪ್ರಿಲ್ 17ರಂದು ಬೆಂಗಳೂರಿನ ಜಕ್ಕೂರಿನಲ್ಲಿ ವಿಮಾನ ಬಿದ್ದು ಆಕೆ ತೀರಿಕೊಂಡಳು. 'ಆಪ್ತಮಿತ್ರ' ತೆರೆಗೆ ಬಂದದ್ದು ಅದಾದ ನಾಲ್ಕು ತಿಂಗಳಿಗೆ. ಸತ್ತ ಮೇಲೆ ಬಂದು ಮಾತಾಡುವ ಹೆಣ್ಣಿನ ಪಾತ್ರವನ್ನು, ತಾನೇ ಸತ್ತ ಮೇಲೆ ಬಂದು ಮಾಡಿ ತೋರಿಸಿದ ಹಾಗೆ ಜನರಿಗೆ ಅನ್ನಿಸಿತು. ಆ ದುಃಖವೂ ಆ ಪಾತ್ರಕ್ಕೆ ಅಂಟಿಕೊಂಡಿದೆ.

ಆಕೆಯ ಅಭಿನಯದ ಒಂದು ಜಾಗ ಗಮನಿಸಿ. ಗಂಗಾ ಹೊರಗೆ ಹೊರಟಿರುತ್ತಾಳೆ. ಗಂಡ ಬೇಡ ಅನ್ನುತ್ತಾನೆ. ಆ 'ಬೇಡ' ಅನ್ನೋ ಮಾತು ಕಿವಿಗೆ ಬಿದ್ದ ಕೂಡಲೇ ಮುಖ ಬದಲಾಗುತ್ತದೆ, ದನಿ ಬದಲಾಗುತ್ತದೆ, ಭಾಷೆಯೇ ಬದಲಾಗುತ್ತದೆ. ಮೇಕಪ್ ಇಲ್ಲ, ಕೂದಲು ಕೆದರಿಲ್ಲ, ಗ್ರಾಫಿಕ್ಸ್ ಇಲ್ಲ. ಕಣ್ಣು ಮತ್ತು ಗಂಟಲು, ಅಷ್ಟೇ. ನಾಗವಲ್ಲಿ ಬರೋದು ಅಮಾವಾಸ್ಯೆಗೂ ಅಲ್ಲ, ಮಂತ್ರಕ್ಕೂ ಅಲ್ಲ. 'ನೀ ಹೊರಗ ಹೋಗಬ್ಯಾಡ' ಅಂದಾಗ ಬರ್ತಾಳೆ. ಈ ಒಂದು ಮಾತಿಗಾಗಿ ನಮ್ಮ ಮನೆಗಳ ಹೆಣ್ಣುಮಕ್ಕಳು ಆಕೆಯನ್ನು ಹೆದರುತ್ತಲೂ ಪ್ರೀತಿಸುತ್ತಲೂ ಇದ್ದಾರೆ ಅಂತ ನನ್ನ ಅಂದಾಜು.

ಕಥೆಯ ಮೂಲ ಕೇರಳದ್ದು. 1993ರ ಡಿಸೆಂಬರ್‌ನಲ್ಲಿ ಬಂದ ಮಲಯಾಳಂ 'ಮಣಿಚಿತ್ರತ್ತಾಳ್', ಬರೆದವರು ಮಧು ಮುಟ್ಟಂ, ನಿರ್ದೇಶನ ಫಾಸಿಲ್. ಶೋಭನಾಗೆ ರಾಷ್ಟ್ರಪ್ರಶಸ್ತಿ ಬಂತು. ಮುಟ್ಟಂ ಊರಿನ ಆಲುಮ್ಮೂಟ್ಟಿಲ್ ಎಂಬ ಈಳವ ಸಿರಿವಂತ ಮನೆತನದಲ್ಲಿ ನೂರು ವರ್ಷದ ಹಿಂದೆ ನಡೆದ ಕೊಲೆಯ ನೆನಪು ಈ ಕಥೆಗೆ ಬೇರು ಅಂತ ಹೇಳುತ್ತಾರೆ. ಕನ್ನಡದಲ್ಲಿ ಇದನ್ನು ಮಾಡಿದ ಪಿ. ವಾಸು ಅವರೇ 2005ರಲ್ಲಿ ತಮಿಳಿನಲ್ಲಿ 'ಚಂದ್ರಮುಖಿ' ಮಾಡಿದರು. 2007ರಲ್ಲಿ ಹಿಂದಿಗೆ 'ಭೂಲ್ ಭುಲಯ್ಯಾ' ಬಂತು.

ಇಲ್ಲಿ ಒಂದು ತಮಾಷೆ ನೋಡಿ. ಮಲಯಾಳಂ ಸಿನಿಮಾದಲ್ಲಿ ನಾಗವಲ್ಲಿ ತಂಜಾವೂರಿನ ತಮಿಳಾಕೆ. ಕನ್ನಡದಲ್ಲಿ ಆಂಧ್ರದ ತೆಲುಗಾಕೆ. ತಮಿಳಿನಲ್ಲೂ ಚಂದ್ರಮುಖಿ ತೆಲುಗಾಕೆಯೇ. ಹಿಂದಿಯಲ್ಲಿ ಮಂಜುಲಿಕಾ ಬಂಗಾಳದಾಕೆ. ಅಂದರೆ ದೆವ್ವ ಯಾವಾಗಲೂ ಪಕ್ಕದ ರಾಜ್ಯದಾಕಿ! ನಮ್ಮ ಭಾಷೆಯ ಹೆಣ್ಣಾಗಿದ್ದರೆ ಆಕೆಯ ನೋವು ನಮಗೆ ನೇರ ತಾಗುತ್ತಿತ್ತು, ರಾಜ ನಮ್ಮವನಾಗಿ ಹೋಗುತ್ತಿದ್ದ, ಲೆಕ್ಕ ನಾವು ಕೊಡಬೇಕಾಗುತ್ತಿತ್ತು. ಅದಕ್ಕೇ ಆಕೆಯನ್ನು ಮೊದಲು ಹೊರಗಿನವಳು ಮಾಡಬೇಕು. ಊರೊಳಗಿನ ಪಾಪವನ್ನು ಊರ ಹೊರಗೆ ಇಡೋ ಕೆಲಸ ನಮ್ಮ ದೇಶಕ್ಕೆ ಯಾರೂ ಕಲಿಸಿಕೊಡಬೇಕಾಗಿಲ್ಲ.

ಆದರೆ ನಿಜವಾದ ನಾಗವಲ್ಲಿಯರು ಹೊರಗಿನವರಲ್ಲ. ನಮ್ಮ ಹಳೇ ಬಿಜಾಪುರ ಜಿಲ್ಲೆಯ ನೆಲದಲ್ಲೇ ಅವರ ಗುರುತು ಇದೆ. ಬಾದಾಮಿ ಹತ್ತಿರ ಮಹಾಕೂಟದಲ್ಲಿ ಒಂದು ಶಾಸನವಿದೆ. ಕ್ರಿ.ಶ. 696ರಿಂದ 733ರವರೆಗೆ ಆಳಿದ ಬಾದಾಮಿ ಚಾಲುಕ್ಯ ವಿಜಯಾದಿತ್ಯನ ಪ್ರಾಣವಲ್ಲಭೆ ವಿನಾಪೋಟಿ ಎಂಬಾಕೆಯದ್ದು. ಆಕೆ ಆ ದೇವಸ್ಥಾನದಲ್ಲಿ ಹಿರಣ್ಯಗರ್ಭ ದಾನ ಮಾಡಿದಳು, ದೇವರ ಪೀಠಕ್ಕೆ ಮಾಣಿಕ್ಯ ಕೂಡಿಸಿದಳು, ಬೆಳ್ಳಿಯ ಕೊಡೆ ಏರಿಸಿದಳು, ಭೂಮಿ ಬಿಟ್ಟಳು. ಶಾಸನ ಆಕೆಯನ್ನು ಕರೆಯುವುದು 'ಸೂಳೆಯರ್' ಎಂದು, ಗೌರವದ ಬಹುವಚನದಲ್ಲಿ. ಅದಕ್ಕಿಂತ ದೊಡ್ಡ ಮಾತು: ಆಕೆಯ ತಾಯಿ ಕುಚಿಪೋಟಿ, ಅಜ್ಜಿ ರೇವಮಂಚಳೆ ಎಂದು ಮೂರು ತಲೆಮಾರಿನ ಹೆಂಗಸರ ಹೆಸರು ಅಲ್ಲಿದೆ. ತಂದೆಯ ಹೆಸರಿಲ್ಲ. ಇದ್ದರೂ ಬೇಕಾಗಿರಲಿಲ್ಲ. ಎಂಟನೇ ಶತಮಾನದ ಕಲ್ಲಿನ ಮೇಲೆ ತಾಯಿಯ ಹೆಸರು ಸಾಕಾಗಿತ್ತು. ಇವತ್ತು ಅದೇ ಪದ ಬೀದಿಜಗಳದ ಬೈಗುಳ. ಪದದ ಅರ್ಥ ಸುಮ್ಮನೆ ಕೆಡೋದಿಲ್ಲ. ಆ ಪದ ಹೊತ್ತವರ ಭೂಮಿ, ಮಾನ, ಕಲೆ ಕಿತ್ತುಕೊಂಡ ಮೇಲೆ ಕೆಡುತ್ತದೆ.

ಕಿತ್ತುಕೊಂಡದ್ದು ಹೇಗೆ ಅಂತ ನೋಡಿ. 1909ರಲ್ಲಿ ಮೈಸೂರು ಸಂಸ್ಥಾನ ದೇವಸ್ಥಾನಗಳಲ್ಲಿ ದೇವದಾಸಿ ಸೇವೆ ನಿಲ್ಲಿಸಿತು. 1934ರಲ್ಲಿ ಮುಂಬೈ ಪ್ರಾಂತ್ಯ ಕಾಯ್ದೆ ತಂದಿತು. ಬಿಜಾಪುರ ಆಗ ಮುಂಬೈ ಪ್ರಾಂತ್ಯದಲ್ಲೇ ಇತ್ತು, ಅಂದರೆ ನಮಗೆ ಮೊದಲು ಬಂದ ಕಾಯ್ದೆ ಅದೇ. 1947ರಲ್ಲಿ ಮದ್ರಾಸ್ ಪ್ರಾಂತ್ಯದ ಕಾಯ್ದೆ, ಅದರ ಹಿಂದೆ ಮುತ್ತುಲಕ್ಷ್ಮಿ ರೆಡ್ಡಿಯವರ ವರ್ಷಗಟ್ಟಲೆಯ ಹೋರಾಟ. ಕಾಯ್ದೆಗಳು ಬೇಕಾಗಿದ್ದವು, ಅದರಲ್ಲಿ ಎರಡು ಮಾತಿಲ್ಲ. ಮಕ್ಕಳನ್ನು ದೇವರ ಹೆಸರಲ್ಲಿ ಗಂಡಸರಿಗೆ ಬಿಟ್ಟುಕೊಡೋ ಪದ್ಧತಿಯನ್ನು ಯಾವ ಬಾಯಿಂದಲೂ ಹೊಗಳಲಾಗದು. ಆದರೆ ಅದೇ ಹೊತ್ತಿಗೆ ಇನ್ನೊಂದು ಕೆಲಸವೂ ನಡೆಯಿತು. ಆ ಹೆಂಗಸರು ತಲೆಮಾರುಗಳಿಂದ ಕಾಪಾಡಿಕೊಂಡು ಬಂದ 'ಸದಿರ್' ಕುಣಿತಕ್ಕೆ ಭರತನಾಟ್ಯ ಎಂಬ ಹೆಸರು ಗಟ್ಟಿಯಾಯಿತು. 1936ರಲ್ಲಿ ಕಲಾಕ್ಷೇತ್ರ ಶುರುವಾಯಿತು. ಮೇಲ್ಜಾತಿ ಮನೆಗಳ ಹೆಣ್ಣುಮಕ್ಕಳು ವೇದಿಕೆ ಹತ್ತಿದರು. ಕುಣಿತಕ್ಕೆ ಸನ್ಮಾನ, ಕುಣಿದವಳ ಮನೆಗೆ ಬೀಗ.

ಈಗ 'ಆಪ್ತಮಿತ್ರ' ಇನ್ನೊಮ್ಮೆ ನೋಡಿ. ಬೀಗದ ಕೋಣೆಯಲ್ಲಿ ನಾಗವಲ್ಲಿಯ ಒಡವೆ ಇದೆ, ಸೀರೆ ಇದೆ, ಗೆಜ್ಜೆ ಇದೆ. ನಾಗವಲ್ಲಿ ಮಾತ್ರ ಇಲ್ಲ. ಮರ್ಯಾದಸ್ಥ ಮನೆಯ ಸೊಸೆ ಅವನ್ನು ತೊಟ್ಟು ಕುಣಿಯುತ್ತಾಳೆ. ಇಪ್ಪತ್ತನೇ ಶತಮಾನದಲ್ಲಿ ಆದ ಸಂಗತಿಯನ್ನು ಒಂದು ದೆವ್ವದ ಸಿನಿಮಾ ತನಗೇ ಗೊತ್ತಿಲ್ಲದ ಹಾಗೆ ಹೇಳಿಬಿಟ್ಟಿದೆ. ಗೆಜ್ಜೆಯ ಒಡತಿ ತನ್ನ ಗೆಜ್ಜೆ ಕೇಳೋಕೆ ಬಂದರೆ ಮಾತ್ರ ಅದು 'ಕಾಟ'.

ನಾಗವಲ್ಲಿ ಗೆದ್ದಿದ್ದರೆ ಹೇಗಿರುತ್ತಿದ್ದಳು? ಅದಕ್ಕೂ ನಮ್ಮಲ್ಲಿ ಉತ್ತರ ಇದೆ: ಬೆಂಗಳೂರು ನಾಗರತ್ನಮ್ಮ. 1878ರಲ್ಲಿ ನಂಜನಗೂಡಿನಲ್ಲಿ ಹುಟ್ಟಿದ ದೇವದಾಸಿ ಕುಲದ ಗಾಯಕಿ. ತಂಜಾವೂರು ಆಸ್ಥಾನದ ತೆಲುಗು ಕವಯಿತ್ರಿ ಮುದ್ದುಪಳನಿಯ 'ರಾಧಿಕಾ ಸಾಂತ್ವನಮು' ಕಾವ್ಯವನ್ನು ದೊಡ್ಡ ದೊಡ್ಡ ಪಂಡಿತರು 'ವೇಶ್ಯೆ ಬರೆದದ್ದು, ಅಶ್ಲೀಲ' ಅಂತ ಬದಿಗೆ ಸರಿಸಿದ್ದರು. ನಾಗರತ್ನಮ್ಮ 1910ರಲ್ಲಿ ಅದನ್ನು ಪೂರ್ತಿಯಾಗಿ ಅಚ್ಚು ಹಾಕಿಸಿದರು. ಮೊದಲಿನ ಆವೃತ್ತಿಯಲ್ಲಿ ಕೈಬಿಟ್ಟಿದ್ದ ಪದ್ಯಗಳನ್ನೂ, ಕವಯಿತ್ರಿ ತನ್ನ ಅಜ್ಜಿ-ತಾಯಿಯರ ವಂಶ ಹೇಳಿಕೊಂಡ ಭಾಗವನ್ನೂ ಸೇರಿಸಿದರು. ಬ್ರಿಟಿಷ್ ಸರ್ಕಾರ ಪುಸ್ತಕಕ್ಕೆ ನಿಷೇಧ ಹಾಕಿತು. ಅದು ತೆರವಾಗಿದ್ದು ಸ್ವಾತಂತ್ರ್ಯದ ಹೊತ್ತಿಗೆ. ತಿರುವೈಯಾರಿನಲ್ಲಿ ಪಾಳುಬಿದ್ದಿದ್ದ ತ್ಯಾಗರಾಜರ ಸಮಾಧಿಗೆ ತನ್ನ ಸ್ವಂತ ದುಡಿಮೆಯ ಹಣದಿಂದ ಗುಡಿ ಕಟ್ಟಿಸಿದ್ದೂ ಆಕೆಯೇ. ಆ ಆರಾಧನೆಯಲ್ಲಿ ಹೆಂಗಸರು ಹಾಡಬಾರದು ಅಂದಾಗ ಜಗಳಕ್ಕೆ ನಿಂತು ಹೆಂಗಸರಿಗೆ ಜಾಗ ಮಾಡಿಕೊಟ್ಟಳು. ಸಿನಿಮಾದ ನಾಗವಲ್ಲಿಯದ್ದೂ ತೆಲುಗೇ, ನಾಗರತ್ನಮ್ಮ ಉಳಿಸಿದ ಕಾವ್ಯದ್ದೂ ತೆಲುಗೇ. ಒಬ್ಬಾಕಿ ಪರದೆ ಮೇಲೆ ದೆವ್ವ, ಇನ್ನೊಬ್ಬಾಕಿ ಚರಿತ್ರೆಯಲ್ಲಿ ಗುಡಿ ಕಟ್ಟಿದಾಕಿ. ನಮ್ಮ ಮಕ್ಕಳಿಗೆ ಮೊದಲನೆಯಾಕಿ ಮಾತ್ರ ಗೊತ್ತು.

ನಮ್ಮ ಬೀಳಗಿಯ ಅಕ್ಕತಂಗಿಯರನ್ನೇ ತಗೊಳ್ಳಿ. ಅಮೀರ್‌ಬಾಯಿ ಕರ್ನಾಟಕಿ ಹಿಂದಿ ಸಿನಿಮಾ ಹಾಡಿನಲ್ಲಿ ದೇಶಕ್ಕೇ ಗೊತ್ತಾದಳು. 1943ರ 'ಕಿಸ್ಮತ್' ಹಾಡುಗಳಲ್ಲಿ ಇರುವುದು ಆಕೆಯ ದನಿ. ಆಕೆಯ ಸೋದರಿ ಗೋಹರ್‌ಬಾಯಿ ಮರಾಠಿ ರಂಗಭೂಮಿಯ ಬಾಲಗಂಧರ್ವರ ಜೊತೆ ಬಾಳಿದಳು. ಕಂಪನಿ ಸಾಲದಲ್ಲಿ ಮುಳುಗಿ ಬಾಲಗಂಧರ್ವರ ವೈಭವ ಇಳಿದಾಗ ಅಭಿಮಾನಿಗಳು ಬೈದದ್ದು ಯಾರಿಗೆ? ಗೋಹರ್‌ಬಾಯಿಗೆ. ಆಕಿ ಬಂದಳು, ಮನೆ ಹಾಳಾಯಿತು. ಗಂಡಸಿನ ಕೆಡುಕಿಗೆ ಹೊರಗಿನ ಹೆಣ್ಣೊಂದನ್ನು ಹುಡುಕೋದು ಧಾರಾವಾಹಿ ಬರೆಯುವವರು ಕಂಡುಹಿಡಿದ ತಂತ್ರ ಅಲ್ಲ.

ಇಲ್ಲಿ ಒಂದು ವ್ಯತ್ಯಾಸ ಹೇಳಲೇಬೇಕು. ನಾಗವಲ್ಲಿಗೆ ಒಡವೆಯ ಪೆಟ್ಟಿಗೆ ಇತ್ತು, ವಿನಾಪೋಟಿಗೆ ದಾನ ಕೊಡುವಷ್ಟು ಭೂಮಿ ಇತ್ತು, ನಾಗರತ್ನಮ್ಮನಿಗೆ ಸಂಗೀತ ಇತ್ತು. ನಮ್ಮ ಕೇರಿಯ ಅವ್ವಂದಿರಿಗೆ ಏನಿತ್ತು? ಕೆಂಪು ಬಿಳಿ ಮುತ್ತಿನ ಸರ, ಕೈಯಲ್ಲೊಂದು ಜಗ, ಮನೆ ಮನೆ ಜೋಗ ಬೇಡುವ ಹಕ್ಕು. ಮುತ್ತು ಕಟ್ಟಿಸಿಕೊಂಡವರಲ್ಲಿ ಬಹಳಷ್ಟು ಮಂದಿ ನಮ್ಮ ಹೊಲೆಯ, ಮಾದಿಗ ಕೇರಿಗಳ ಹೆಣ್ಣುಮಕ್ಕಳು. ಮನೆಯಲ್ಲಿ ಗಂಡುಸಂತಾನ ಇಲ್ಲ, ಮುಪ್ಪಿನಲ್ಲಿ ನೋಡೋರಿಲ್ಲ, ಕೂದಲಲ್ಲಿ ಜಡೆ ಕಟ್ಟಿತು, ಅಂತ ಒಂದೊಂದು ನೆಪ. ಗುಡಿಯೊಳಗೆ ಬಿಟ್ಟುಕೊಳ್ಳದ ಜಾತಿಯ ಹುಡುಗಿ ದೇವರ ಹೆಂಡತಿ ಆಗಬಹುದಿತ್ತು! ದೇವರ ಹೆಸರಲ್ಲಿ ಬಾಗಿಲು ತಟ್ಟಿದವರು ಮಾತ್ರ ಊರ ಗೌಡರು, ಸಾಹುಕಾರರು. ಹಗಲು ಮುಟ್ಟಿದರೆ ಮೈಲಿಗೆ, ರಾತ್ರಿ ಇಲ್ಲ.

ಕರ್ನಾಟಕದ ದೇವದಾಸಿ ಸಮರ್ಪಣಾ ನಿಷೇಧ ಕಾಯ್ದೆ ಆದದ್ದು 1982ರಲ್ಲಿ, ಜಾರಿಗೆ ಬಂದದ್ದು 1984ರಲ್ಲಿ. 1993-94ರ ಸರ್ಕಾರಿ ಸಮೀಕ್ಷೆ 22,873 ಮಂದಿಯನ್ನು ಗುರುತಿಸಿತು. 2007-08ರ ಸಮೀಕ್ಷೆ ಸೇರಿ ಆ ಸಂಖ್ಯೆ 46,660ಕ್ಕೆ ಹೋಯಿತು. ವಿಜಯಪುರ, ಬಾಗಲಕೋಟೆ, ಬೆಳಗಾವಿ, ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆಯ ಹೆಂಗಸರು ಇವರು. ನಲವತ್ತಾರು ಸಾವಿರ ಹೆಣ್ಣು ಅಂದರೆ ನಲವತ್ತಾರು ಸಾವಿರ ಕಥೆ. ಇವರಲ್ಲಿ ಒಬ್ಬಾಕೆಯ ಹೆಸರಲ್ಲಾದರೂ ಒಂದು ದೆವ್ವದ ಧಾರಾವಾಹಿ ಬಂದಿದೆಯೇ? ಬಂದಿಲ್ಲ. ನಮ್ಮವರು ದೆವ್ವ ಆಗೋದಕ್ಕೂ ಒಂದು ಅರಮನೆ ಬೇಕಲ್ಲ!

ದೆವ್ವ ಮತ್ತು ದೇವಿ, ಈ ಎರಡಕ್ಕೂ ನಡುವೆ ಇರೋ ಗೋಡೆ ಬಹಳ ತೆಳ್ಳಗಿನದು. ಸವದತ್ತಿಯ ಎಲ್ಲಮ್ಮನ ಕಥೆ ನೆನಪು ಮಾಡಿಕೊಳ್ಳಿ. ರೇಣುಕೆಯ ಮನಸ್ಸು ಒಂದು ಗಳಿಗೆ ಚಂಚಲವಾಯಿತು ಅಂತ ಗಂಡ ಜಮದಗ್ನಿ ತಲೆ ಕಡಿಯಲು ಹೇಳಿದ, ಮಗ ಪರಶುರಾಮ ಕಡಿದ. ಕಡಿಸಿಕೊಂಡ ಹೆಣ್ಣು ದೇವಿ ಆದಳು. ಆಕೆಯ ಕಥೆಯಲ್ಲಿ ನಮ್ಮ ಮಾತಂಗಿಯೂ ಇದ್ದಾಳೆ, ತಲೆ ಒಬ್ಬರದು, ಮೈ ಒಬ್ಬರದು ಅಂತ. ರಂಡಿ ಹುಣ್ಣಿಮೆಗೆ ಆಕೆಯ ಹೆಸರಲ್ಲಿ ಬಳೆ ಒಡೆದುಕೊಂಡು, ಮುತ್ತೈದೆ ಹುಣ್ಣಿಮೆಗೆ ಮತ್ತೆ ಬಳೆ ತೊಟ್ಟುಕೊಂಡು ಲಕ್ಷ ಲಕ್ಷ ಜನ ಗುಡ್ಡ ಹತ್ತುತ್ತಾರೆ. ಕೊಲ್ಲಿಸಿದವನನ್ನು ಯಾರೂ ಕೇಳೋದಿಲ್ಲ, ಅವನು ಋಷಿ.

ದ್ಯಾಮವ್ವನ ಕಥೆ ಇದಕ್ಕೆ ತಿರುಗು. ಜಾತಿ ಮುಚ್ಚಿಟ್ಟು ಬ್ರಾಹ್ಮಣರ ಹುಡುಗಿಯನ್ನು ಮದುವೆಯಾದ ಕೇರಿಯ ಹುಡುಗ. ಗೊತ್ತಾದ ಮೇಲೆ ಆಕೆ ಸಿಟ್ಟಿನಿಂದ ಮಾರಿಯಾದಳು, ಅವನು ಕೋಣನಾದ, ಜಾತ್ರೆ ಜಾತ್ರೆಗೂ ಅವನ ತಲೆ ಬೀಳಬೇಕು. ಈ ಕಥೆಯಲ್ಲಿ ಖಳನಾಯಕ ನಮ್ಮ ಹುಡುಗ. ಆ ಕೋಣನ ತಲೆ ಹೊರೋ ಕೆಲಸವನ್ನೂ ನಮ್ಮವರಿಗೇ ಕೊಟ್ಟರು. ಒಟ್ಟಿಗೆ ಇಟ್ಟು ನೋಡಿದರೆ ಸೂತ್ರ ಸಿಗುತ್ತದೆ. ಸತ್ತ ಹೆಣ್ಣು ಹರಕೆ ತಗೊಂಡು ಸುಮ್ಮನಿದ್ದರೆ ದೇವಿ. ಸತ್ತ ಹೆಣ್ಣು ಕೊಂದವನ ಹೆಸರು ಹಿಡಿದು ಕೇಳಿದರೆ ದೆವ್ವ. ಜಾತಿ ದಾಟಿದ ಕೇರಿಯ ಗಂಡು ಮಾತ್ರ ದೇವರೂ ಅಲ್ಲ, ದೆವ್ವವೂ ಅಲ್ಲ, ಬರೀ ಕೋಣ. ನಾಗವಲ್ಲಿ ಎರಡನೇ ಸಾಲಿನಾಕಿ. ಹಣ್ಣುಕಾಯಿಗೆ ಒಪ್ಪಲಿಲ್ಲ. ಅದಕ್ಕೇ ನನಗೆ ಆಕಿ ಅಂದರೆ ಇಷ್ಟ.

ಇನ್ನೊಂದು ಮಾತು. ಸಿನಿಮಾದಲ್ಲಿ ನಾಗವಲ್ಲಿ ಪೂರ್ತಿ ಎದ್ದು ನಿಲ್ಲೋದು ದುರ್ಗಾಷ್ಟಮಿಯಂದು. ಹೊರಗೆ ಊರೆಲ್ಲ ಹೆಣ್ಣಿನ ಶಕ್ತಿಗೆ ಪೂಜೆ, ಒಳಗೆ ಶಕ್ತಿ ತೋರಿಸಿದ ಹೆಣ್ಣಿಗೆ ಮಂತ್ರದ ಕಟ್ಟು. ದಸರೆಯಲ್ಲಿ ಮಹಿಷನನ್ನು ನೆನೆಯುವ ನಮಗೆ ಈ ಇಬ್ಬಗೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದೆಲ್ಲ ಹಳೇ ಕಾಲದ ಮಾತು ಅನ್ನೋರಿಗೆ ಹತ್ತಿರದ ಲೆಕ್ಕ ಹೇಳ್ತೀನಿ. ಬಸವನ ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನ ಕಾಲದಲ್ಲಿ, ಕಲ್ಯಾಣದಲ್ಲಿ, ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆ ಆಯಿತು. ಇಬ್ಬರು ತಂದೆಯರಿಗೂ ಎಳೆಹೂಟೆ ಶಿಕ್ಷೆ. ಹನ್ನೆರಡನೇ ಶತಮಾನ ಅಂತ ಸುಮ್ಮನಾಗೋಣವೇ? 2017ರಲ್ಲಿ ನಮ್ಮ ಮುದ್ದೇಬಿಹಾಳ ತಾಲೂಕಿನಲ್ಲಿ, ದಲಿತ ಹುಡುಗನನ್ನು ಮದುವೆಯಾದಳು ಅಂತ ಬಸುರಿ ಹೆಣ್ಣುಮಗಳನ್ನು ಆಕೆಯ ಮನೆಯವರೇ ಸುಟ್ಟರು. 2021ರ ಜೂನ್‌ನಲ್ಲಿ, ಮೊದಲು ಸಿಂದಗಿ ತಾಲೂಕಿಗೆ ಸೇರಿದ್ದ ದೇವರಹಿಪ್ಪರಗಿ ಸೀಮೆಯ ಒಂದು ಹಳ್ಳಿಯಲ್ಲಿ ದಲಿತ ಹುಡುಗನನ್ನೂ ಅವನು ಪ್ರೀತಿಸಿದ ಹುಡುಗಿಯನ್ನೂ ಕೊಂದು ಹಾಕಿದರು. ಇಬ್ಬರಿಗೂ ಇಪ್ಪತ್ತು ದಾಟಿರಲಿಲ್ಲ. ಎರಡೂ ಸಲ ಹುಡುಗಿಯರು ಬೇರೆ ಧರ್ಮದವರು ಅಂತ ಅದನ್ನೇ ಹಿಡಿದು ರಾಜಕೀಯ ಮಾಡೋರಿಗೆ ಒಂದು ಮಾತು: ಹರಳಯ್ಯನನ್ನು ಕೊಲ್ಲಿಸಿದವರ ಧರ್ಮ ಯಾವುದು? ಜಾತಿ ಅನ್ನೋದು ಈ ನೆಲದಲ್ಲಿ ಎಲ್ಲ ಧರ್ಮಗಳ ಒಳಗೂ ಮನೆ ಮಾಡಿಕೊಂಡ ವಿಜಯ ರಾಜೇಂದ್ರ ಬಹಾದ್ದೂರ.

ನಾಗವಲ್ಲಿ-ರಾಮನಾಥರ ಕಥೆ ನಮ್ಮ ತಾಲೂಕುಗಳಲ್ಲಿ ಕಥೆ ಅಲ್ಲ. ಒಂದೇ ವ್ಯತ್ಯಾಸ, ನಮ್ಮ ಮಕ್ಕಳು ಸೇಡು ತೀರಿಸಿಕೊಳ್ಳೋಕೆ ವಾಪಸ್ ಬರಲಿಲ್ಲ. ಬರೋದೂ ಇಲ್ಲ. ನಾವು ಬಾಬಾಸಾಹೇಬರ ಮಕ್ಕಳು, ದೆವ್ವ ನಂಬೋದಿಲ್ಲ. ಅವರ ಪರವಾಗಿ ಸಾಕ್ಷಿ ಹೇಳೋ ಕೆಲಸ ಬದುಕಿದ್ದವರದ್ದು.

ದೆವ್ವ ನಂಬೋದಿಲ್ಲ ಅಂದೆ. ಹಾಗಾದರೆ ಇಂಥ ಧಾರಾವಾಹಿ ಮೆಚ್ಚೋದು ಹೇಗೆ ಅಂತ ಕೆಲವು ಗೆಳೆಯರು ಕೇಳಬಹುದು. ಸರಿಯಾದ ಪ್ರಶ್ನೆ. 2017ರ ಸೆಪ್ಟೆಂಬರ್‌ನಲ್ಲಿ 'ಯಾರೇ ನೀ ಮೋಹಿನಿ' ಶುರುವಾಯಿತು. ಅದೇ ವರ್ಷ ನವೆಂಬರ್‌ನಲ್ಲಿ ನಮ್ಮ ವಿಧಾನಮಂಡಲ ಮೌಢ್ಯ ನಿಷೇಧ ಕಾಯ್ದೆಗೆ ಒಪ್ಪಿಗೆ ಕೊಟ್ಟಿತು. 2020ರ ಜನವರಿಯಲ್ಲಿ ಜಾರಿಯಾಯಿತು. ದೆವ್ವ ಬಿಡಿಸ್ತೀನಿ ಅಂತ ಹೊಡೆಯೋದು, ಕಟ್ಟಿಹಾಕೋದು, ಕೂದಲು ಹಿಡಿದು ಎಳೆಯೋದು ಈಗ ಅಪರಾಧ. ಆದರೂ 'ಗಾಳಿ ಸೋಕೇತಿ' ಅಂತ ಹೆಣ್ಣುಮಕ್ಕಳನ್ನು ಭೀಮಾ ತೀರದ ಗಾಣಗಾಪುರಕ್ಕೆ ಕರಕೊಂಡು ಹೋಗೋದು ನಿಂತಿಲ್ಲ. ಇಂಡಿ, ಸಿಂದಗಿಯವರಿಗೆ ಅದು ಹತ್ತಿರದ ದಾರಿ. ಅಲ್ಲಿ ಕಂಬ ಹಿಡಿದು ತಲೆ ತಿರುಗಿಸುತ್ತ ಕೂಗೋ ಹೆಂಗಸರನ್ನು ನೋಡಿದವರು ಒಂದು ಮಾತು ಗಮನಿಸಿರಬೇಕು. ಮೈಮೇಲೆ ಬಂದಾಗ ಮಾತ್ರ ಅವರು ಅತ್ತೆಯ ಹೆಸರು ಹಿಡಿದು ಬೈತಾರೆ, ಗಂಡನ ಕುಡಿತ ಹೇಳ್ತಾರೆ, ಮೈದುನನ ಕೈ ಎಲ್ಲಿ ಬಂತು ಅಂತ ಹೇಳ್ತಾರೆ. 'ನಾನು' ಅಂತ ಹೇಳಿದರೆ ಹೊಡೆತ ಬೀಳುತ್ತದೆ, 'ದೆವ್ವ' ಅಂತ ಹೇಳಿದರೆ ಎಲ್ಲರೂ ಕೈ ಮುಗಿದು ಕೇಳ್ತಾರೆ.

ಗಂಗಾ ಮಾಡಿದ್ದೂ ಅದನ್ನೇ. 'ಆಪ್ತಮಿತ್ರ' ಒಂದು ಮಟ್ಟಿಗೆ ಇದನ್ನು ಒಪ್ಪಿಕೊಂಡಿತು, ಇದು ಮನಸ್ಸಿನ ಕಾಯಿಲೆ ಅಂತ ಡಾಕ್ಟರನ್ನು ಕರೆತಂದಿತು. ಅದು ದೊಡ್ಡದು. ಇಂದಿನ ಧಾರಾವಾಹಿಗಳು ಆ ಡಾಕ್ಟರನ್ನೂ ಮನೆಗೆ ಕಳಿಸಿ ಬರೀ ಸ್ವಾಮೀಜಿಯನ್ನು ಇಟ್ಟುಕೊಂಡಿವೆ. ಅದನ್ನು ನಾನು ಮೆಚ್ಚೋದಿಲ್ಲ. ಮೆಚ್ಚೋದು ಆ ಪಾತ್ರದ ಬಾಯಿಯನ್ನು. ಧಾರಾವಾಹಿಯ ನಾಯಕಿ ಸಾವಿರ ಸಂಚಿಕೆ ಅಳುತ್ತಾಳೆ, ತಾಳುತ್ತಾಳೆ, ದೀಪ ಹಚ್ಚುತ್ತಾಳೆ. ನನಗೆ ಇದು ಬೇಕು, ಇದು ಬೇಡ ಅಂತ ನೇರ ಹೇಳೋದು ಖಳನಾಯಕಿ ಒಬ್ಬಳೇ. ಬೇಕು ಬೇಡ ಹೇಳೋ ಹೆಣ್ಣನ್ನು ಕೆಟ್ಟವಳು ಮಾಡದೆ ತೋರಿಸೋಕೆ ಇವರಿಗೆ ಬರೋದಿಲ್ಲ.

ಮತ್ತೆ ಆ ಮನೆಗಳನ್ನು ನೋಡಿ. ಎಲ್ಲ ಧಾರಾವಾಹಿಯ ಮನೆಯೂ ಗೌಡರದ್ದೋ, ಒಡೆಯರದ್ದೋ, ಉದ್ಯಮಿಯದ್ದೋ. ನಮ್ಮ ಕೇರಿಯವರು ಅಲ್ಲಿಗೆ ಬರೋದು ಚಹಾ ತಟ್ಟೆ ಹಿಡಿದು. ಇದಕ್ಕೆ ಬೇರೆ ಗಾಳಿ ಬೀಸಿದ್ದು 2020ರ ಜುಲೈನಲ್ಲಿ, ಜೀ ಕನ್ನಡದಲ್ಲಿ 'ಮಹಾನಾಯಕ' ಶುರುವಾದಾಗ. ಲಾಕ್‌ಡೌನ್ ಕಾಲ. ಹಳ್ಳಿ ಹಳ್ಳಿಯಲ್ಲಿ ಫ್ಲೆಕ್ಸ್ ಕಟ್ಟಿದೆವು, ಕೇರಿಯ ಕಟ್ಟೆಗೆ ಟಿವಿ ತಂದಿಟ್ಟೆವು. ಪ್ರಸಾರ ನಿಲ್ಲಿಸಿ ಅಂತ ಬೆದರಿಕೆ ಕರೆ ಬರುತ್ತಿವೆ ಅಂತ ಚಾನೆಲ್‌ನ ಮುಖ್ಯಸ್ಥ ರಾಘವೇಂದ್ರ ಹುಣಸೂರು ಬಹಿರಂಗವಾಗಿ ಹೇಳಿದರು. ಗಮನಿಸಿ, ನಾಗಿಣಿಗೆ, ಮೋಹಿನಿಗೆ ಬಾರದ ಬೆದರಿಕೆ ಭೀಮರಾವ್ ಎಂಬ ಶಾಲೆ ಹುಡುಗನಿಗೆ ಬಂತು. ಈ ಸಮಾಜ ಹಾವಿಗೆ ಹೆದರಲಿಲ್ಲ, ದೆವ್ವಕ್ಕೆ ಹೆದರಲಿಲ್ಲ, ಪುಸ್ತಕ ಹಿಡಿದ ಹುಡುಗನಿಗೆ ಹೆದರಿತು.

ಕೊನೆಗೆ ಕೆಲಸದ ಮಾತಿಗೆ ಬರ್ತೀನಿ. ನಾನು ಗುಮಾಸ್ತ, ದಿನಾ ಅರ್ಜಿ ನೋಡೋದೇ ಉದ್ಯೋಗ. ಅರ್ಜಿದಾರರ ಹೆಸರಿನ ಕೆಳಗೆ 'ತಂದೆಯ ಹೆಸರು' ಅನ್ನೋ ಕಾಲಂ ಇರುತ್ತದೆ. ಮಾಜಿ ದೇವದಾಸಿ ತಾಯಂದಿರ ಮಕ್ಕಳು ಆ ಕಾಲಂ ಹತ್ತಿರ ಬಂದಾಗ ಪೆನ್ನು ನಿಲ್ಲೋದನ್ನು ವರ್ಷಗಳಿಂದ ನೋಡಿದ್ದೀನಿ. ಕೆಲವರು ಅಜ್ಜನ ಹೆಸರು ಬರೀತಾರೆ, ಕೆಲವರು ಸೋದರಮಾವನದ್ದು, ಕೆಲವರು 'ಎಲ್ಲಪ್ಪ' ಅಂತ ದೇವಿಯ ಹೆಸರನ್ನೇ ಗಂಡಸು ಮಾಡಿ ಬರೀತಾರೆ. ಊರಿಗೆಲ್ಲ ಗೊತ್ತಿರುವ ಅಪ್ಪನ ಹೆಸರನ್ನು ಮಗ ಬರೆಯುವಂತಿಲ್ಲ. ಆ ಖಾಲಿ ಕಾಲಂ ಇದೆಯಲ್ಲ, ಅದೇ ಈ ಊರುಗಳ ಬೀಗ ಹಾಕಿದ ಕೋಣೆ. ಅದರೊಳಗೆ ಯಾರ ಭಾವಚಿತ್ರ ಇದೆ ಅಂತ ಎಲ್ಲರಿಗೂ ಗೊತ್ತು.

2025ರ ಆಗಸ್ಟ್‌ನಲ್ಲಿ ನಮ್ಮ ವಿಧಾನಮಂಡಲ ದೇವದಾಸಿ ಪದ್ಧತಿಯ ಹೊಸ ಮಸೂದೆಗೆ ಒಪ್ಪಿಗೆ ಕೊಟ್ಟಿದೆ. ತಂದೆಯ ಹೆಸರು ಬರೆಯಲೇಬೇಕು ಅಂತ ಈ ಮಕ್ಕಳನ್ನು ಒತ್ತಾಯ ಮಾಡುವಂತಿಲ್ಲ. ಬೇಕಾದರೆ ತಂದೆ ಯಾರು ಅಂತ ಕಾನೂನಿನ ಮೂಲಕ ಕೇಳುವ ಹಕ್ಕೂ ಇದೆ. ಎಂಟನೇ ಶತಮಾನದ ವಿನಾಪೋಟಿಗೆ ಕಲ್ಲಿನ ಮೇಲೆ ಇದ್ದ ಹಕ್ಕು, ತಾಯಿಯ ಹೆಸರು ಸಾಕು ಅನ್ನೋ ಹಕ್ಕು, ಸಾವಿರದ ಮುನ್ನೂರು ವರ್ಷದ ಮೇಲೆ ಕಾಗದಕ್ಕೆ ವಾಪಸ್ ಬಂದಿದೆ.

ಆದರೆ ಕಾಯ್ದೆ ಪುಸ್ತಕದಿಂದ ಕೌಂಟರ್ ತನಕ ನಡೆದು ಬರೋದಿಲ್ಲ, ನಾವು ಕೈ ಹಿಡಿದು ತರಬೇಕು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಗೆಳೆಯರಿಗೆ ನನ್ನ ಬೇಡಿಕೆ ಇಷ್ಟೇ. ನಿಮ್ಮ ಕೇರಿಯಲ್ಲಿ ಇಂಥ ತಾಯಂದಿರು, ಮಕ್ಕಳು ಇದ್ದರೆ ಅರ್ಜಿ ಕೊಡುವ ದಿನ ಒಬ್ಬರಾದರೂ ಜೊತೆಗೆ ಹೋಗಿ. ಕೌಂಟರಿನಲ್ಲಿ "ಅಪ್ಪನ ಹೆಸರು?" ಅಂತ ಕೇಳಿದರೆ ಹುಡುಗಿ ತಲೆ ತಗ್ಗಿಸಬಾರದು. ಪಕ್ಕದಲ್ಲಿ ನಿಂತ ನೀವು ಹೇಳಬೇಕು: "ಅವ್ವನ ಹೆಸರು ಬರಕೋರಿ ಸಾಹೇಬ್ರ. ಅದು ಸಾಕು."

ಜೈ ಭೀಮ್.